ಮೀನಿನ ಪಾಲಿನ ಕ್ಯೂಸೆಕ್

ಹತ್ತು ದಿನ 15,000 ಕ್ಯೂಸೆಕ್ ನೀರು ಬಿಡಿ ಎಂದು ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಹೇಳಿದ 2016ರ ಸೆಪ್ಟೆಂಬರ್ ಮೊದಲ ವಾರ, ನಾನು ಇನ್ನೊಂದು ನದಿಯಲ್ಲಿ ಸೊಂಟದವರೆಗೆ ಇಳಿದು ನಿಂತಿದ್ದೆ. ಅದು ಡೆಲವೇರ್ ನದಿ. ಎಡದಂಡೆ ನ್ಯೂಯಾರ್ಕ್ ರಾಜ್ಯ, ಬಲದಂಡೆ ಪೆನ್ಸಿಲ್ವೇನಿಯಾ. ಗಡಿರೇಖೆ ನದಿಯೊಳಗೇ ಹರಿಯುತ್ತದೆ. ನನ್ನ ಗಾಳದ ದಾರ ಅದನ್ನು ಎಷ್ಟು ಸಲ ದಾಟಿತೋ ಲೆಕ್ಕವಿಟ್ಟವರಿಲ್ಲ. ಎರಡರಲ್ಲಿ ಯಾವ ರಾಜ್ಯದ ಪರವಾನಗಿ ಇದ್ದರೂ ಈ ಗಡಿನೀರಿನಲ್ಲಿ ನಡೆಯುತ್ತದೆ. ಪಕ್ಕದಿಂದ ಬಂದು ಸೇರುವ ಹಳ್ಳಕ್ಕೆ ಕಾಲಿಟ್ಟರೆ ಮಾತ್ರ ಆಯಾ ರಾಜ್ಯದ್ದೇ ಬೇಕು.

ದಡಕ್ಕೆ ಬಂದು ನೋಡಿದರೆ ಅಪ್ಪನ ನಾಲ್ಕು ಮಿಸ್ಡ್ ಕಾಲ್. ನಮ್ಮದು ಮದ್ದೂರು ತಾಲ್ಲೂಕು, ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗ. ನೀರು ಮಂಡ್ಯದವರ ಗದ್ದೆಗೆಲ್ಲ ಹರಿದು ಮಿಕ್ಕರೆ ನಮಗೆ. ‘ಬುಟ್ಬುಟ್ರು ಕಣ್ಲಾ, ಕಟ್ಟೇಲಿ ಏನೂ ಇಲ್ದಂಗೆ ಬುಟ್ಬುಟ್ರು’ ಎಂದರು. ನೀನೆಲ್ಲಿದ್ದೀಯ ಎಂದು ಕೇಳಿದಾಗ ನಿಜ ಹೇಳಿದೆ. ನದಿಯಲ್ಲಿದ್ದೇನೆ, ಮೀನು ಹಿಡಿದು ವಾಪಸ್ ಬಿಡ್ತಾ ಇದ್ದೇನೆ, ಮೀನಿಗೆ ಸೆಕೆ ಆಗದಿರಲಿ ಅಂತ ಇವತ್ತು ಮೇಲಿನ ಡ್ಯಾಮಿನಿಂದ ತಣ್ಣೀರು ಬಿಟ್ಟಿದ್ದಾರೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಪ್ಪ ಹೇಳಿದ್ದು ಇಷ್ಟೇ: ‘ಮನ್ಸನ್ ಗಂಟ್ಲಿಗೇ ನೀರಿಲ್ಲ, ಮೀನ್ಗೊಂದು ಪಾಲಾ?’

ಈ ಪ್ರಶ್ನೆಗೆ ಉತ್ತರ ‘ಹೌದು’ ಎಂದು ನಾನು ನಂಬುತ್ತೇನೆ. ನದಿಯ ಜಗಳದಲ್ಲಿ ಮೀನಿಗೊಂದು ಪಾಲಿರಬೇಕು, ಆ ಪಾಲನ್ನು ಗಟ್ಟಿಯಾಗಿ ಕೇಳುವವರು ಇರಬೇಕು, ಕೇಳುವವರಿಲ್ಲದಿದ್ದರೆ ಕಾಗದದಲ್ಲಿ ಬರೆದ ಪಾಲೂ ಸಿಗುವುದಿಲ್ಲ. ಇದನ್ನು ಒಪ್ಪಿಸಲು ಹೊರಟಾಗ ನನಗೆ ಎದುರಾಗುವವರು ಅಪ್ಪನಂಥವರಷ್ಟೇ ಅಲ್ಲ. ಪರಿಸರ ಪ್ರೀತಿಯ ನನ್ನ ಗೆಳೆಯರೂ ಇದ್ದಾರೆ. ಅವರಿಗೆ ಗಾಳ ಹಿಡಿದವನ ಬಾಯಿಂದ ಮೀನಿನ ಪರ ಮಾತು ಬಂದರೆ ಮೈ ಉರಿಯುತ್ತದೆ.

ಮೊದಲು ಫ್ಲೈ ಫಿಶಿಂಗ್ ಬಗ್ಗೆ ನಾಲ್ಕು ಮಾತು. ಇಲ್ಲಿ ಗಾಳಕ್ಕೆ ಎರೆಹುಳು ಇಲ್ಲ, ರಾಗಿಮುದ್ದೆಯೂ ಇಲ್ಲ. ಪುಟ್ಟ ಕೊಕ್ಕೆಗೆ ಹಕ್ಕಿಯ ಪುಕ್ಕ, ಪ್ರಾಣಿಯ ರೋಮ, ರೇಷ್ಮೆ ದಾರ ಸುತ್ತಿ ಹುಳುವಿನಂತೆ ಕಾಣುವ ಒಂದು ಮೋಸವನ್ನು ಕಟ್ಟುತ್ತಾರೆ. ಅದಕ್ಕೆ ತೂಕವೇ ಇಲ್ಲದ್ದರಿಂದ ದಪ್ಪ ದಾರದ ಭಾರದಲ್ಲೇ ಅದನ್ನು ಬೀಸಿ ಎಸೆಯಬೇಕು. ಟ್ರೌಟ್ ಮೀನು ಆ ಹೊತ್ತಿಗೆ ಯಾವ ಹುಳು ತಿನ್ನುತ್ತಿದೆಯೋ ಅದರ ಬಣ್ಣ, ಗಾತ್ರ, ನಡಿಗೆ ಎಲ್ಲ ಹೊಂದಬೇಕು. ಮೇಫ್ಲೈ ಎಂಬ ಹುಳು ಸುಮಾರು ಒಂದು ವರ್ಷ ನದಿಯ ಕಲ್ಲಿನಡಿ ಬದುಕಿ, ರೆಕ್ಕೆ ಬಂದ ಮೇಲೆ ಒಂದೆರಡು ದಿನದಲ್ಲಿ ಸಾಯುತ್ತದೆ. ಏಪ್ರಿಲ್ ಕೊನೆಯಲ್ಲಿ ಹೆಂಡ್ರಿಕ್ಸನ್ ಎಂಬ ಜಾತಿಯ ಮೇಫ್ಲೈಗಳು ಮಧ್ಯಾಹ್ನ ಒಟ್ಟಿಗೆ ಮೇಲೇಳುವುದನ್ನು ಕಾಯುತ್ತ ಈ ನದಿಯ ದಡದಲ್ಲಿ ಜನ ರಜೆ ಹಾಕಿ ಕೂರುತ್ತಾರೆ. ಹಾಗಾಗಿ ಫ್ಲೈ ಫಿಶಿಂಗ್ ಮಾಡುವವನಿಗೆ ಇಷ್ಟವಿರಲಿ ಬಿಡಲಿ, ನೀರಿನ ಶಾಖ ಎಷ್ಟು, ಹರಿವು ಎಷ್ಟು, ಕಲ್ಲಿನಡಿ ಏನಿದೆ ಎನ್ನುವುದೆಲ್ಲ ಗೊತ್ತಾಗಿಬಿಡುತ್ತದೆ. ಮೀನಂಗಡಿಯ ಮುಂದೆ ನಿಂತವನಿಗೆ ಗೊತ್ತಾಗದ ಸಂಗತಿಗಳು ಇವು.

ಇನ್ನು ಈ ನದಿಯನ್ನು ‘ಕನ್ಯೆ ಪ್ರಕೃತಿ’ ಎಂದು ಹೊಗಳುವ ನನ್ನ ಸಹ ಗಾಳಗಾರರ ಬಗ್ಗೆ. ಅವರ ಫೋಟೋಗಳಲ್ಲಿ ಮಂಜು, ಬೆಟ್ಟ, ಹೊಳೆಯುವ ಮೀನು ಇರುತ್ತವೆ. ಡ್ಯಾಮ್ ಮಾತ್ರ ಎಂದೂ ಇರುವುದಿಲ್ಲ. ಡೆಲವೇರ್‌ನ ಪಶ್ಚಿಮ ಶಾಖೆಗೆ 1960ರ ದಶಕದಲ್ಲಿ ನ್ಯೂಯಾರ್ಕ್ ನಗರ ಕ್ಯಾನನ್ಸ್‌ವಿಲ್ ಅಣೆಕಟ್ಟು ಕಟ್ಟಿತು. ಕ್ಯಾನನ್ಸ್‌ವಿಲ್ ಎಂಬ ಊರೇ ಅದರಡಿ ಮುಳುಗಿತು. ಜೊತೆಗೆ ಬೀರ್‌ಸ್ಟನ್, ರಾಕ್ ರಿಫ್ಟ್, ರಾಕ್ ರಾಯಲ್, ಗ್ರ್ಯಾಂಟನ್. ಪೂರ್ವ ಶಾಖೆಗೆ ಅದಕ್ಕೂ ಮೊದಲೇ ಪೆಪ್ಯಾಕ್ಟನ್ ಜಲಾಶಯ ಬಂದಿತ್ತು, ಅಲ್ಲೂ ನಾಲ್ಕು ಊರು ಹೋದವು. ಅಮೆರಿಕದ ಡ್ರೈ ಫ್ಲೈ ಪರಂಪರೆಗೆ ಪಿತಾಮಹ ಎಂದು ಕರೆಸಿಕೊಳ್ಳುವ ಥಿಯೋಡರ್ ಗಾರ್ಡನ್ 1915ರಲ್ಲಿ ಸತ್ತ. ಆತ ಗಾಳ ಬೀಸಿದ ನೆವರ್‌ಸಿಂಕ್ ನದಿಯ ಪ್ರಸಿದ್ಧ ಭಾಗವೂ ಇಂದು ಇನ್ನೊಂದು ಜಲಾಶಯದಡಿ ಇದೆ. ನ್ಯೂಯಾರ್ಕ್ ನಗರ ಕುಡಿಯುವ ನೀರಿನಲ್ಲಿ ಸುಮಾರು ಅರ್ಧ ಈ ಮೂರು ಜಲಾಶಯಗಳೂ ಸೇರಿದ ಡೆಲವೇರ್ ವ್ಯವಸ್ಥೆಯಿಂದಲೇ ಬರುತ್ತದೆ. ಕೃಷ್ಣರಾಜಸಾಗರದ ಕಥೆ ಗೊತ್ತಿರುವ ನಮಗೆ ಇದರಲ್ಲಿ ಹೊಸದೇನೂ ಇಲ್ಲ.

ಮೀನಾದರೂ ಅಲ್ಲಿಯದೇ? ಅದೂ ಅಲ್ಲ. ಬ್ರೌನ್ ಟ್ರೌಟ್‌ನ ಮೊಟ್ಟೆಗಳು 1883ರಲ್ಲಿ ಜರ್ಮನಿಯಿಂದ ಹಡಗಿನಲ್ಲಿ ಬಂದವು. ರೇನ್‌ಬೋ ಟ್ರೌಟ್ ಮೂಲತಃ ಪೆಸಿಫಿಕ್ ಕರಾವಳಿ ಕಡೆಯದು. ಇಲ್ಲಿನ ನಿಜವಾದ ಮನೆಮಗ ಬ್ರೂಕ್ ಟ್ರೌಟ್. ಅದು ವಂಶದಲ್ಲಿ ಟ್ರೌಟ್ ಅಲ್ಲ, ಚಾರ್ ಎಂಬ ಗುಂಪಿಗೆ ಸೇರಿದ್ದು, ಈಗ ಮೇಲಿನ ಸಣ್ಣ ತಣ್ಣನೆ ತೊರೆಗಳಲ್ಲಿ ಉಳಿದುಕೊಂಡಿದೆ. ಅಣೆಕಟ್ಟು ಬರುವ ಮುಂಚೆ ಗಡಿಭಾಗದ ಅಗಲವಾದ ಡೆಲವೇರ್ ಬೇಸಿಗೆಯಲ್ಲಿ ಟ್ರೌಟ್‌ಗೆ ಒಗ್ಗದಷ್ಟು ಬೆಚ್ಚಗಿರುತ್ತಿತ್ತು, ಅಲ್ಲಿ ಬಹುಪಾಲು ಬಾಸ್ ಮೀನಿನ ರಾಜ್ಯ. ಆಳವಾದ ಜಲಾಶಯದ ತಳದಲ್ಲಿ ಬೇಸಿಗೆಯಲ್ಲೂ ನೀರು ಕೊರೆಯುವಷ್ಟು ತಣ್ಣಗಿರುತ್ತದೆ. ತಳದ ತೂಬಿನಿಂದ ಅದನ್ನು ಬಿಟ್ಟಾಗ ಮೈಲಿಗಟ್ಟಲೆ ಕೆಳಗಿನವರೆಗೆ ಟ್ರೌಟ್ ಬದುಕಬಹುದಾದ ನದಿ ಹುಟ್ಟಿತು. ಅಂದರೆ ಪರದೇಶದ ಮೀನು, ಮುಳುಗಿದ ಊರು, ಮಹಾನಗರದ ಬಾಯಾರಿಕೆ, ಇವು ಮೂರೂ ಸೇರಿ ಮಾಡಿದ ನದಿ ಇದು. ಇದನ್ನು ಕನ್ಯೆ ಎನ್ನುವುದು ಸುಳ್ಳು, ಸುಳ್ಳಿನ ಮೇಲೆ ನಿಂತು ಹಕ್ಕು ಕೇಳುವುದಕ್ಕೂ ಆಗುವುದಿಲ್ಲ.

ಆದರೂ ಇವರು ಕೇಳಿದರು, ಸ್ವಲ್ಪಮಟ್ಟಿಗೆ ಪಡೆದರು. ಹೇಗೆ ಎಂಬುದು ನಮಗೆ ಬೇಕಾದ ಭಾಗ.

ಡೆಲವೇರ್ ವ್ಯಾಜ್ಯವೂ ಕಾವೇರಿಯಂತೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ನದಿ ಎಂದರೆ ಬರೀ ಒಂದು ಅನುಕೂಲವಲ್ಲ, ಅದು ನಿಧಿ ಎಂಬರ್ಥದ ಮಾತು ನ್ಯಾಯಮೂರ್ತಿ ಹೋಮ್ಸ್ 1931ರಲ್ಲಿ ಬರೆದದ್ದು ಇದೇ ಮೊಕದ್ದಮೆಯಲ್ಲಿ. 1954ರ ತಿದ್ದುಪಡಿ ಆದೇಶದ ಪ್ರಕಾರ ನ್ಯೂಯಾರ್ಕ್ ನಗರ ದಿನಕ್ಕೆ 80 ಕೋಟಿ ಗ್ಯಾಲನ್ ತೆಗೆದುಕೊಳ್ಳಬಹುದು. ಅದಕ್ಕೆ ಬದಲಾಗಿ, ಕೆಳಗೆ ನ್ಯೂಜೆರ್ಸಿಯ ಮಾಂಟೆಗ್ಯೂ ಎಂಬಲ್ಲಿ ನದಿ 1,750 ಕ್ಯೂಸೆಕ್ ಹರಿಯುವಂತೆ ನೋಡಿಕೊಳ್ಳಬೇಕು. ಇದನ್ನು ಅಳೆದು ಹೇಳಲು ‘ರಿವರ್ ಮಾಸ್ಟರ್’ ಎಂಬ ಅಧಿಕಾರಿ ಇದ್ದಾನೆ. ಮಾಂಟೆಗ್ಯೂ ಎಂದರೆ ಅವರ ಬಿಳಿಗುಂಡ್ಲು ಎಂದುಕೊಳ್ಳಿ. ಗಡಿ ದಾಟಿದ ಕೂಡಲೇ ನೀರನ್ನು ತಕ್ಕಡಿಯಲ್ಲಿಡುವ ಜಾಗ.

ಈ ಲೆಕ್ಕದಲ್ಲಿ ಮೀನು ಎಲ್ಲೂ ಇರಲಿಲ್ಲ. ಅದರ ಪರಿಣಾಮ ವಿಚಿತ್ರವಾಗಿತ್ತು. ಮಳೆಯಿಲ್ಲದೆ ಮಾಂಟೆಗ್ಯೂದಲ್ಲಿ ಹರಿವು ಕುಸಿದರೆ ಕ್ಯಾನನ್ಸ್‌ವಿಲ್‌ನ ತೂಬು ತೆರೆಯುತ್ತಿದ್ದರು, ಮೇಲಿನ ನದಿ ತಣ್ಣಗೆ ತುಂಬಿ ಹರಿಯುತ್ತಿತ್ತು. ಕೆಳಗೆಲ್ಲೋ ಒಂದು ಜೋರು ಮಳೆ ಬಿದ್ದರೆ ಮಾಂಟೆಗ್ಯೂದ ಲೆಕ್ಕ ತಾನಾಗಿಯೇ ತುಂಬುತ್ತಿತ್ತು, ತೂಬು ಮುಚ್ಚುತ್ತಿದ್ದರು, ಮೇಲಿನ ನದಿ ಒಮ್ಮೆಲೇ ಇಳಿದು ಬಿಸಿಲಿಗೆ ಕಾಯುತ್ತಿತ್ತು. ಟ್ರೌಟ್‌ಗೆ 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಂಕಟ ಶುರು, 24-25ರಲ್ಲಿ ಜೀವಕ್ಕೇ ಅಪಾಯ. ಮಳೆ ಬಂದರೆ ಮೀನಿಗೆ ಕುತ್ತು! ಗಾಳಗಾರರು ಇದಕ್ಕೆ ಯೋ-ಯೋ ಎಂದು ಹೆಸರಿಟ್ಟರು, ಮಕ್ಕಳು ದಾರ ಕಟ್ಟಿ ಮೇಲೆ ಕೆಳಗೆ ಆಡಿಸುವ ಆಟಿಕೆಯ ಹೆಸರು. ಇದನ್ನು ಮೊದಲು ಕಂಡವರು ಇಂಜಿನಿಯರುಗಳಲ್ಲ. ಮಂಗಳವಾರ ತೊಡೆಯವರೆಗಿದ್ದ ನೀರು ಗುರುವಾರ ಮೊಣಕಾಲಿಗೆ ಬಂದದ್ದನ್ನು ನೀರಲ್ಲಿ ನಿಂತವನೇ ಕಾಣಬೇಕು.

ಅವರು ಥರ್ಮಾಮೀಟರ್ ಹಿಡಿದು ಬರೆದಿಟ್ಟರು, ಸಭೆಗಳಿಗೆ ಹೋದರು, ಶಾಸಕರನ್ನು ಕಾಡಿದರು. 1976ರಲ್ಲಿ ನ್ಯೂಯಾರ್ಕ್ ರಾಜ್ಯವು ನಗರದ ಜಲಾಶಯಗಳಿಂದ ನದಿಗೆ ಬಿಡುವ ನೀರನ್ನು ನಿಯಂತ್ರಿಸುವ ಕಾಯ್ದೆ ತಂದಿತು. 2007ರಲ್ಲಿ ನಾಲ್ಕು ರಾಜ್ಯಗಳೂ ನಗರವೂ ಸೇರಿ ಹೊಂದಿಕೊಳ್ಳುವ ಹರಿವಿನ ಹೊಸ ಒಪ್ಪಂದಕ್ಕೆ ಬಂದವು. 2017ರ ಒಪ್ಪಂದದಲ್ಲಿ ಬಿಸಿಲಿನ ದಿನಗಳಿಗೆಂದೇ ಒಂದಿಷ್ಟು ತಣ್ಣೀರನ್ನು ಪ್ರತ್ಯೇಕ ಖಾತೆಯಲ್ಲಿ ಎತ್ತಿಟ್ಟರು. ಗಡಿನದಿಯ ಲಾರ್ಡ್‌ವಿಲ್ ಎಂಬ ಹಳ್ಳಿಯ ಬಳಿ ನೀರಿನ ಶಾಖ 75 ಡಿಗ್ರಿ ಫ್ಯಾರನ್‌ಹೀಟ್ ಮೀರದಿರಲಿ ಎನ್ನುವುದು ಗುರಿ. ಈಗಲೂ ಗಾಳಗಾರರಿಗೆ ಸಮಾಧಾನವಿಲ್ಲ, ಸಾಲದು ಎಂದು ಗೊಣಗುತ್ತಲೇ ಇರುತ್ತಾರೆ. ಗೊಣಗಲಿ. ನನ್ನ ಮಟ್ಟಿಗೆ ಮುಖ್ಯವಾದದ್ದು ಆ ಖಾತೆ ಎಂಬ ಕಲ್ಪನೆ. ನಗರಕ್ಕಿಷ್ಟು, ಕೆಳಗಿನ ರಾಜ್ಯಕ್ಕಿಷ್ಟು, ಮೀನಿಗಿಷ್ಟು.

ಇಲ್ಲಿ ಗೆಳೆಯರ ಆಕ್ಷೇಪ ಏಳುತ್ತದೆ. ಸಾವಿರಾರು ಡಾಲರಿನ ರಾಡು, ರೀಲು, ರಬ್ಬರ್ ಚಡ್ಡಿ ಹಾಕಿಕೊಂಡವರ ಶೋಕಿಗೆ ನದಿ ತಣ್ಣಗಿರಬೇಕೇ? ತಿನ್ನದ ಮೀನಿನ ಬಾಯಿಗೆ ಕೊಕ್ಕೆ ಚುಚ್ಚಿ ಬಿಡುವುದು ಅಹಿಂಸೆಯೇ? ಎರಡನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ಮೀನಿಗೆ ನೋವಾಗುತ್ತದೆ ಎಂದೇ ನಾನು ತಿಳಿದಿದ್ದೇನೆ, ಹಾಗೆ ತಿಳಿದೂ ಹೋಗುತ್ತೇನೆ. ಬಿಟ್ಟ ಮೀನುಗಳಲ್ಲಿ ಕೆಲವು ಸಾಯುತ್ತವೆ. ನೀರು ಬೆಚ್ಚಗಿದ್ದ ದಿನ ಹೆಚ್ಚು ಸಾಯುತ್ತವೆ, ಅಂಥ ದಿನ ಗಾಳ ಮಡಚಿಡಬೇಕು, ಎಲ್ಲರೂ ಮಡಚಿಡುವುದಿಲ್ಲ. ನನಗೆ ಹೊಳೆ ಓದಲು ಕಲಿಸಿದ ಒಬ್ಬ ಮುದುಕ ಜುಲೈ ಬಂದರೆ ರಾಡ್ ಮನೆಯಲ್ಲಿಟ್ಟು ಬರೀ ಥರ್ಮಾಮೀಟರ್ ಹಿಡಿದು ಬರುತ್ತಿದ್ದ, ಅದೂ ಒಂದು ನಮೂನೆ ಹುಚ್ಚೇ.

ಮೊದಲನೆಯ ಆಕ್ಷೇಪಕ್ಕೆ ಮಾತ್ರ ನನ್ನ ಜಗಳವಿದೆ. ಶೋಕಿ ಹೌದು. ಆದರೆ ಆ ಶೋಕಿಯ ಮೇಲೆ ತೆರಿಗೆ ಇದೆ. ಅಮೆರಿಕದಲ್ಲಿ 1950ರ ಒಂದು ಕಾಯ್ದೆಯ ಪ್ರಕಾರ ಗಾಳದ ಸಾಮಾನಿನ ಮೇಲಿನ ಸುಂಕ ರಾಜ್ಯಗಳ ಮೀನು ಸಂರಕ್ಷಣೆಗೇ ಹೋಗುತ್ತದೆ. ಪರವಾನಗಿಯ ಹಣವೂ ಹಾಗೆಯೇ. ಅದಕ್ಕಿಂತ ಹೆಚ್ಚಾಗಿ, ಗಾಳಗಾರನಿಗೆ ಸ್ವಾರ್ಥವಿದೆ. ಮೀನು ಸತ್ತರೆ ಅವನ ಭಾನುವಾರ ಸಾಯುತ್ತದೆ. ನಿಮ್ಮ ಶುದ್ಧ ಪ್ರೀತಿಗಿಂತ ಅವನ ಈ ಕೊಳಕು ಸ್ವಾರ್ಥ ಮಂಗಳವಾರದ ರಾತ್ರಿಯ ಬೇಸರದ ಸಭೆಗೆ ಮೂವತ್ತು ವರ್ಷ ಬಿಡದೆ ಹೋಗಿ ಕೂರಿಸುತ್ತದೆ. ಶೃಂಗೇರಿಯ ತುಂಗೆಯ ಮೆಟ್ಟಿಲಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ನಾವು ದೇವರ ಮೀನಿಗೆ ಪುರಿ ಎಸೆದು ಕೈ ಮುಗಿಯುತ್ತೇವೆ. ಅದೇ ಮೀನಿಗೆ ಏಪ್ರಿಲ್ ತಿಂಗಳಲ್ಲಿ ಎಷ್ಟು ಕ್ಯೂಸೆಕ್ ಬೇಕೆಂದು ಯಾವ ಸಭೆಯಲ್ಲಿ ಕೇಳಿದ್ದೇವೆ?

ಕಾವೇರಿಗೆ ಬಂದೆ. ನಮ್ಮಲ್ಲೂ ಗಡಿನದಿ ಇದೆ. ಮೇಕೆದಾಟುವಿನ ಕೆಳಗೆ ಹೊಗೇನಕಲ್ ಕಡೆಗೆ ಹರಿಯುವ ಕಾವೇರಿ ಸುಮಾರು 64 ಕಿಲೋಮೀಟರ್ ಕರ್ನಾಟಕ ಮತ್ತು ತಮಿಳುನಾಡಿನ ನಡುವಿನ ಗೆರೆ. ನ್ಯಾಯಮಂಡಳಿ 2007ರಲ್ಲಿ 740 ಟಿಎಂಸಿ ಹಂಚಿತು: ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. ಈ ಅಂಕಿಗಳು ಮಂಡ್ಯದ ಟೀ ಅಂಗಡಿಯಲ್ಲಿ ಯಾರನ್ನು ಕೇಳಿದರೂ ಬಾಯಿಪಾಠ. 2018ರಲ್ಲಿ ಸುಪ್ರೀಂ ಕೋರ್ಟ್ ನಮಗೆ 14.75 ಸೇರಿಸಿದ್ದೂ ಬಾಯಿಪಾಠ. ಕೂಡಿಸಿ ನೋಡಿ, 726 ಆಗುತ್ತದೆ. ಉಳಿದ 14 ಎಲ್ಲಿ? ಸಮುದ್ರಕ್ಕೆ ಹೇಗೂ ಹರಿದುಹೋಗುವ 4, ಪರಿಸರ ರಕ್ಷಣೆಗೆ 10. ಈ ಹತ್ತರ ಬಗ್ಗೆ ಒಂದು ಬಂದ್ ಬೇಡ, ಒಂದು ಘೋಷಣೆ ಕೇಳಿದ್ದೀರಾ? ಯಾವ ಪಕ್ಷದ ಪ್ರಣಾಳಿಕೆಯಲ್ಲಿ ನೋಡಿದ್ದೀರಾ? ಬೆಳಿಗ್ಗೆ ಪತ್ರಿಕೆ ತೆರೆದರೆ ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು ಎಂಬ ಪುಟ್ಟ ಚೌಕ ಇರುತ್ತದೆ. ನೀರಿನ ಶಾಖ ಅದರಲ್ಲಿಲ್ಲ. ನಮ್ಮ ಪಾಲಿಗೆ ನದಿ ಎಂದರೆ ಡ್ಯಾಮಿನಿಂದ ನಾಲೆಗೆ ಹೋಗುವ ನೀರು. ಡ್ಯಾಮಿನ ಕೆಳಗೆ ಬಂಡೆಗಳ ನಡುವೆ ಮಿಕ್ಕದ್ದು ‘ಸುಮ್ನೆ ಹರಿದು ಹೋಗೋ’ ನೀರು.

ಆ ಸುಮ್ಮನೆ ಹರಿಯುವ ನೀರಿನಲ್ಲಿ ಬಿಳಿಮೀನು ಇತ್ತು. ಬೆನ್ನಿನಲ್ಲಿ ಗೂನು ಇರುವ ಮಹಶೀರ್, ಕಾವೇರಿ ಕೊಳ್ಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ್ದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು, ಹೆಚ್ಚುಕಡಿಮೆ ನಮ್ಮಪ್ಪನಷ್ಟು. ಈ ಮೀನಿಗಾಗಿಯೇ ದೇಶವಿದೇಶದ ಗಾಳಗಾರರು ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಯ ಬಿಡಾರಗಳಿಗೆ ಬರುತ್ತಿದ್ದರು. ಅಭಯಾರಣ್ಯದಲ್ಲಿ ಗಾಳ ಸಲ್ಲದು ಎಂದಾಗಿ 2012ರ ಹೊತ್ತಿಗೆ ಅದು ನಿಂತಿತು. ಪರಿಸರ ಗೆಳೆಯರು ಸಂಭ್ರಮಿಸಿದರು. ಆಮೇಲೆ ಏನಾಯಿತೆಂದರೆ, 1998ರಿಂದ 2012ರವರೆಗೆ ಗಾಳಿಬೋರೆಯ ಗಾಳಗಾರರು ಬರೆದಿಟ್ಟಿದ್ದ ಲೆಕ್ಕದ ಪುಸ್ತಕಗಳನ್ನು ವಿಜ್ಞಾನಿಗಳು ಬಿಡಿಸಿ ನೋಡಿ 2015ರಲ್ಲಿ ಪ್ರಕಟಿಸಿದರು. ಗೂನುಬೆನ್ನಿನ ಮೀನು ವರ್ಷ ವರ್ಷ ಕರಗುತ್ತಾ ಬಂದದ್ದು ಆ ಪುಟಗಳಲ್ಲಿ ಇತ್ತು. ಅದು ಬೇರೆಲ್ಲೂ ದಾಖಲಾಗಿರಲಿಲ್ಲ. ಆ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ, ಅದೇ ವರ್ಷ ಅತಿ ಗಂಡಾಂತರದ ಪಟ್ಟಿಗೂ ಸೇರಿತು. ಅದರ ಗುರುತು ಖಚಿತಪಡಿಸಲು ಜೀವಂತ ಮೀನು ಸಿಕ್ಕಿದ್ದು ಮೋಯಾರ್‌ನಲ್ಲಿ. ಬಂಡೀಪುರ, ಮುದುಮಲೆಗಳ ನಡುವೆ ಎರಡು ರಾಜ್ಯಗಳನ್ನು ಬೇರ್ಪಡಿಸುವ ಇನ್ನೊಂದು ಗಡಿಹೊಳೆ ಅದು.

ಗಾಳಗಾರರನ್ನು ಇಲ್ಲಿ ಮೆರವಣಿಗೆ ಮಾಡುವ ಉದ್ದೇಶ ನನಗಿಲ್ಲ. ಲೋನಾವಳದ ಮರಿ ಸಾಕಣೆ ಕೇಂದ್ರದಿಂದ ನೀಲಿ ರೆಕ್ಕೆಯ ಬೇರೆ ಜಾತಿಯ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟದ್ದು ಮಹಶೀರ್ ಉಳಿಸುವ ಹೆಸರಿನಲ್ಲೇ, ಅದಕ್ಕೆ ಗಾಳದ ಲೋಕದ ಚಪ್ಪಾಳೆಯೂ ಇತ್ತು. ಅದೇ ಲೆಕ್ಕದ ಪುಸ್ತಕದಲ್ಲಿ ನೀಲಿ ರೆಕ್ಕೆಯದು ಏರುತ್ತಾ ಹೋಗಿದೆ, ಗೂನಿನದು ಇಳಿಯುತ್ತಾ ಹೋಗಿದೆ. ಒಂದು ಇನ್ನೊಂದನ್ನು ತಳ್ಳಿತು ಎಂಬ ಗುಮಾನಿ ಬಲವಾಗಿದೆ. ಡೆಲವೇರ್‌ನಲ್ಲಿ ಹೊರಗಿನ ಮೀನು ತಂದವರ ತಪ್ಪನ್ನೇ ನಾವು ನೂರು ವರ್ಷ ತಡವಾಗಿ ಮಾಡಿದೆವು. ರೆಸಾರ್ಟಿನ ಗಾಳ ಮತ್ತೆ ಬರಲಿ ಎಂದೂ ನಾನು ಕೇಳುತ್ತಿಲ್ಲ. ತೆಪ್ಪ ಹಾಕಿಕೊಂಡು ಆ ಮಡುಗಳನ್ನು ತಲೆಮಾರಿನಿಂದ ಬಲ್ಲ ಬೆಸ್ತರಿದ್ದಾರೆ. ಯಾವ ಬಂಡೆಯ ಕೆಳಗೆ ಯಾವ ತಿಂಗಳು ಮೀನು ನಿಲ್ಲುತ್ತದೆ ಎನ್ನುವುದು ಅವರಿಗೆ ಗೊತ್ತು. ಡೈನಮೈಟ್ ಸಿಡಿಸಿ ಮೀನು ಎತ್ತುವವರ ಸದ್ದು ಮೊದಲು ಕೇಳುವುದೂ ಅವರಿಗೇ. ಕಾವೇರಿ ಸಭೆಗಳಲ್ಲಿ ವಕೀಲರು, ಇಂಜಿನಿಯರುಗಳು, ರೈತ ಮುಖಂಡರು ಕೂರುತ್ತಾರೆ. ಬೆಸ್ತರವನಿಗೆ ಒಂದು ಕುರ್ಚಿ ಹಾಕಿದ್ದನ್ನು ನಾನಂತೂ ಕಂಡಿಲ್ಲ.

ಈಗ ಮೇಕೆದಾಟು. 67.16 ಟಿಎಂಸಿಯ ಜಲಾಶಯ, ಸುಮಾರು ಐದು ಸಾವಿರ ಹೆಕ್ಟೇರ್ ಕಾಡು, ಸಂಗಮದ ಸುತ್ತಲಿನ ಮಡುಗಳು. ‘ನಮ್ಮ ನೀರು ನಮ್ಮ ಹಕ್ಕು’ ಎನ್ನುವವರು ಒಂದು ಕಡೆ, ತಮಿಳುನಾಡಿನ ‘ಬಿಡೆವು’ ಇನ್ನೊಂದು ಕಡೆ. ಎರಡೂ ರಾಜ್ಯದ ಕಾಗದದಲ್ಲಿ ಬಿಳಿಮೀನು ಪರಿಸರ ವರದಿಯ ಅನುಬಂಧಕ್ಕೆ ಸೇರಬೇಕಾದ ಒಂದು ಸಾಲು. ಡೆಲವೇರ್‌ನ ಮದ್ದನ್ನು ಇಲ್ಲಿಗೆ ಹಾಗೇ ತರಲೂ ಆಗದು ಎಂಬುದನ್ನು ಹೇಳಿಬಿಡುತ್ತೇನೆ, ಅಣೆಕಟ್ಟಿನ ತಳದ ತಣ್ಣೀರು ಬಿಟ್ಟರೆ ಮೀನು ಬದುಕುತ್ತದೆ ಎಂದು ಯಾರಾದರೂ ವಾದಿಸುವ ಮುಂಚೆ. ಟ್ರೌಟ್‌ಗೆ ತಣ್ಣೀರು ಅಮೃತ. ಮಹಶೀರ್‌ಗೆ ಬೇಕಾದದ್ದು ಮುಂಗಾರಿನ ಕೆಂಪು ನೀರಿನ ರಭಸ, ಆ ರಭಸಕ್ಕೆ ಎದುರಾಗಿ ಮೇಲೇರಲು ತಡೆಯಿಲ್ಲದ ದಾರಿ, ಬೇಸಿಗೆ ಕಳೆಯಲು ಆಳದ ಮಡು. ಗೋಡೆ ಕಟ್ಟಿ, ಹಿಂದೆ ನಿಂತ ನೀರು ತುಂಬಿಸಿದ ಮೇಲೆ ಆ ಮೂರನ್ನೂ ತೂಬಿನಿಂದ ಬಿಡಲು ಬರುವುದಿಲ್ಲ. ಕ್ಯಾನನ್ಸ್‌ವಿಲ್‌ನಲ್ಲಿ ಡ್ಯಾಮ್ ಎದ್ದ ಮೇಲೆ ಮೀನಿನ ವಕೀಲರು ಎದ್ದರು, ಹೊರಗಿನ ಮೀನಾದ್ದರಿಂದ ನಡೆಯಿತು. ನಮ್ಮದು ಬೇರೆಲ್ಲೂ ಇಲ್ಲದ ಮೀನು, ವಕೀಲರು ಡ್ಯಾಮಿಗಿಂತ ಮೊದಲೇ ಬರಬೇಕು.

ಹೋದ ವರ್ಷ ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಮೇಕೆದಾಟು ಆಗಲೇಬೇಕು ಎನ್ನುವ ಪಕ್ಷ ಅವರದು, ನನ್ನ ಮಾತಿನಿಂದ ಬದಲಾಗಲಿಲ್ಲ. ಹತ್ತು ಟಿಎಂಸಿಯ ವಿಷಯಕ್ಕೆ ಮಾತ್ರ ಕಿವಿ ನಿಮಿರಿತು. ‘ಹತ್ತಾ? ಅದ್ಯಾರ್ ಲೆಕ್ಕುಕ್ ಹಾಕವ್ರೆ, ನಮ್ದ್ರಲ್ಲೋ ಅವ್ರುದ್ರಲ್ಲೋ?’ ಎಂದರು. ಯಾರದ್ದರಲ್ಲೂ ಅಲ್ಲ, ಬೇರೆಯೇ ಖಾತೆ ಎಂದೆ. ನಂಬಲಿಲ್ಲ. ಫೋನಿನಲ್ಲಿ ಡೆಲವೇರ್‌ನ ಮಾಪಕ ತೆರೆದು ತೋರಿಸಿದೆ, ಹರಿವಿನ ಗೆರೆಯೊಂದು, ಶಾಖದ ಗೆರೆಯೊಂದು, ಹದಿನೈದು ನಿಮಿಷಕ್ಕೊಮ್ಮೆ ಬದಲಾಗುತ್ತವೆ, ಯಾರು ಬೇಕಾದರೂ ನೋಡಬಹುದು. ಕನ್ನಡಕ ಏರಿಸಿಕೊಂಡು ತುಂಬ ಹೊತ್ತು ನೋಡಿದರು.

‘ಬಿಳಿಗುಂಡ್ಲುದು ಹಿಂಗೇ ತಗೀಲಾ ನೋಡವ’ ಎಂದರು.